ದೊಡ್ಡ ಸದ್ದು, ಒಡೆದ ಸದ್ದು: ಕಿವಿ ಅಳೆಯುವ ಬಗೆ

ಉಮರ್ಗಾದ ಕಡೆ ಮದುವೆ ಮಂಟಪದಲ್ಲಿ ಮೈಕ್ ಹಿಡಿದವರು ಒಂದೇ ಸುದ್ದಿಯನ್ನು ಎರಡು ಸಲ ಹೇಳಬೇಕಾಗುತ್ತದೆ, ಒಮ್ಮೆ ಮರಾಠಿಯಲ್ಲಿ, ಒಮ್ಮೆ ಕನ್ನಡದಲ್ಲಿ. ಎರಡೂ ಸಲ ಹಿಂದಿನ ಸಾಲಿನಿಂದ ಬರುವ ಕೂಗು ಒಂದೇ: "ಕಾಕಾ, ಆವಾಜ್ ಜರಾ ಜಾಸ್ತಿ ಮಾಡ್ರಿ, ಇಲ್ಲಿ ಏನೂ ತಿಳೀವಲ್ದು!" ಆಂಪ್ಲಿಫೈಯರ್ ಮುಂದೆ ಕೂತ ಹುಡುಗ ಗುಂಡಿಯನ್ನು ಇನ್ನಷ್ಟು ತಿರುಗಿಸುತ್ತಾನೆ. ಸದ್ದು ಏರುತ್ತದೆ, ಮಾತು ಮಾತ್ರ ಮೊದಲಿಗಿಂತ ಕಡಿಮೆ ತಿಳಿಯುತ್ತದೆ. ಮುಂದಿನ ಸಾಲಿನ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ, ಹಿಂದಿನ ಸಾಲಿನವರು ಮತ್ತೆ ಕೂಗುತ್ತಾರೆ.

ಇಲ್ಲಿ ತಪ್ಪು ಹುಡುಗನದಲ್ಲ. ಸದ್ದಿನ ಜೋರು ಬೇರೆ, ಸದ್ದಿನ ಒಡಕು ಬೇರೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅಂಗಡಿಯಲ್ಲಿ ಸಾಮಾನು ಮಾರುವವರು ವಾಟ್ ಲೆಕ್ಕ ಹೇಳುತ್ತಾರೆ, ಡಬ್ಬಿಯ ಮೇಲೆ ಶೇಕಡಾವಾರು ಡಿಸ್ಟಾರ್ಷನ್ ಅಚ್ಚಾಗಿರುತ್ತದೆ. ಆದರೆ ಕಿವಿ ವಾಟನ್ನೂ ಅಳೆಯುವುದಿಲ್ಲ, ಶೇಕಡಾವಾರನ್ನೂ ಅಳೆಯುವುದಿಲ್ಲ. ಅದರ ಲೆಕ್ಕವೇ ಬೇರೆ. ಆ ಲೆಕ್ಕ ತಿಳಿದರೆ ದುಡ್ಡೂ ಉಳಿಯುತ್ತದೆ, ಕಿವಿಯೂ ಉಳಿಯುತ್ತದೆ.

ಈ ಮಹಾರಾಷ್ಟ್ರ–ಕರ್ನಾಟಕ ಗಡಿಯ ಊರುಗಳಲ್ಲಿ ಧ್ವನಿವರ್ಧಕದ ಬಳಕೆ ಕಡಿಮೆಯೇನಲ್ಲ. ನಿಲಂಗಾ ಮತ್ತು ಉದಗೀರ 1956ರ ರಾಜ್ಯ ಪುನರ್ವಿಂಗಡಣೆವರೆಗೆ ಬೀದರ್ ಜಿಲ್ಲೆಯ ತಾಲೂಕುಗಳಾಗಿದ್ದವು, ಈಗ ಲಾತೂರ್ ಜಿಲ್ಲೆಯವು. ಉಮರ್ಗಾ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿದೆ, ಧಾರಾಶಿವ ಜಿಲ್ಲೆಗೆ ಸೇರಿದೆ. ಲಿಂಗಾಯತ ಮಠಗಳ ಭಜನೆ, ವಾರಕರಿಗಳ ಕೀರ್ತನ, ಬಸವ ಜಯಂತಿಯ ಮೆರವಣಿಗೆ, ಗಣೇಶೋತ್ಸವದ ಡಿಜೆ, ಮಸೀದಿಯ ಆಜಾನ್, ಉರುಸಿನ ಕವ್ವಾಲಿ ಎಲ್ಲವೂ ಇಲ್ಲಿ ಮೈಕಿನ ಮೂಲಕವೇ ಜನರನ್ನು ಮುಟ್ಟುತ್ತವೆ.

ಮೊದಲು ಜೋರಿನ ಮಾತು. ಆರೋಗ್ಯವಂತ ಯುವಕರ ಕಿವಿ ಸುಮಾರು 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗಿನ ಸ್ವರಗಳನ್ನು ಕೇಳಬಲ್ಲದು, ಆದರೆ ಎಲ್ಲವನ್ನೂ ಒಂದೇ ಸಮ ಕೇಳುವುದಿಲ್ಲ. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಇದನ್ನು ಅಳೆದು ವಕ್ರರೇಖೆಗಳಾಗಿ ಪ್ರಕಟಿಸಿದರು. ಈಗ ಅದಕ್ಕೆ ಐಎಸ್‌ಒ 226 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದರ ಪ್ರಕಾರ 3,000ದಿಂದ 4,000 ಹರ್ಟ್ಜ್ ಆಸುಪಾಸಿನಲ್ಲಿ ಕಿವಿ ಅತ್ಯಂತ ಚುರುಕು. ಕಿವಿಯ ಕಾಲುವೆಯ ಉದ್ದವೇ ಆ ಸ್ವರಗಳಿಗೆ ಅನುರಣನ ಕೊಡುವಂತಿದೆ. 50 ಹರ್ಟ್ಜ್‌ನ ಗುಡುಗಿನಂಥ ಸ್ವರವೊಂದು ಬರೀ ಕೇಳಿಸಬೇಕಾದರೂ ಸುಮಾರು 44 ಡೆಸಿಬೆಲ್ ಬೇಕು. 3,000 ಹರ್ಟ್ಜ್‌ನ ಸ್ವರ ಸೊನ್ನೆ ಡೆಸಿಬೆಲ್‌ಗಿಂತ ಕೆಳಗಿದ್ದರೂ ಕೇಳಿಸುತ್ತದೆ.

ಗುಡಿಯ ಶಿಖರದ ಪಕ್ಕ ಕಟ್ಟಿದ ಭೋಂಗಾ ಅಷ್ಟು ದೂರ ಕೇಳಿಸುವುದರ ಗುಟ್ಟು ಇಲ್ಲೇ ಇದೆ. ಆ ಕಹಳೆಯಾಕಾರದ ಹಾರ್ನ್ 300 ಹರ್ಟ್ಜ್‌ಗಿಂತ ಕೆಳಗಿನದನ್ನು ಹೆಚ್ಚುಕಡಿಮೆ ಹೊರಡಿಸುವುದೇ ಇಲ್ಲ. ಹೊರಡಿಸುವುದೆಲ್ಲ ಕಿವಿ ಚುರುಕಾಗಿರುವ ಪಟ್ಟಿಯಲ್ಲೇ. ಜೊತೆಗೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 105 ಡೆಸಿಬೆಲ್ ಸುಮಾರಿನ ಸದ್ದು ಅದರಿಂದ ಬರುತ್ತದೆ. ಮನೆಯ ಸ್ಪೀಕರ್ ಅಷ್ಟೇ ವಾಟಿಗೆ 86ರಿಂದ 90 ಡೆಸಿಬೆಲ್ ಕೊಡುತ್ತದೆ. ಗಂಡಸಿನ ಧ್ವನಿಯ ಮೂಲ ಸ್ವರ 120 ಹರ್ಟ್ಜ್ ಸುಮಾರಿನದು, ಹಾರ್ನ್‌ನಲ್ಲಿ ಅದು ಇಲ್ಲವೇ ಇಲ್ಲ. ಆದರೂ ಮಾತಾಡುತ್ತಿರುವವರು ಗಂಡಸೆಂದು ಯಾರಿಗಾದರೂ ತಿಳಿಯುತ್ತದೆ. 360, 480, 600 ಎಂದು ಮೇಲಿನ ಸ್ವರಗಳು ಬಂದರೆ ಸಾಕು, ಅವುಗಳ ನಡುವಿನ ಸಮ ಅಂತರದಿಂದ ಕಿವಿ ಮತ್ತು ಮಿದುಳು ಸೇರಿ ಕಾಣೆಯಾದ 120ನ್ನು ತಾವೇ ಕಟ್ಟಿಕೊಳ್ಳುತ್ತವೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ದಪ್ಪ ಧ್ವನಿ ಕೇಳಿಸುವುದೂ ಇದೇ ಕಾರಣಕ್ಕೆ.

ಡಿಜೆಯವರ ಪಾಡು ಇದಕ್ಕೆ ತದ್ವಿರುದ್ಧ. ಎದೆಗೆ ಬಡಿಯುವ 50–60 ಹರ್ಟ್ಜ್‌ನ ಬೇಸ್ ಬೇಕೆಂದರೆ ಕಿವಿ ಮಂದವಾಗಿರುವ ಕಡೆಯೇ ಸದ್ದು ಹುಟ್ಟಿಸಬೇಕು. ಸಾವಿರಾರು ವಾಟ್ ಹೋಗುವುದು ಅಲ್ಲಿಗೇ.

ಇದೇ ವಕ್ರರೇಖೆಯಲ್ಲಿ ಇನ್ನೊಂದು ಉಪಯುಕ್ತ ಸಂಗತಿಯಿದೆ. 1,000 ಹರ್ಟ್ಜ್‌ನ ಸ್ವರವನ್ನು 40 ಡೆಸಿಬೆಲ್‌ನಿಂದ 80ಕ್ಕೆ ಏರಿಸಿದಾಗ ಎಷ್ಟು ಜೋರು ಹೆಚ್ಚಿದಂತೆ ಅನಿಸುತ್ತದೋ, 50 ಹರ್ಟ್ಜ್‌ನಲ್ಲಿ ಅಷ್ಟೇ ಅನಿಸಲು 78ರಿಂದ 102ಕ್ಕೆ, ಅಂದರೆ 24 ಡೆಸಿಬೆಲ್ ಏರಿಸಿದರೆ ಸಾಕು. ಹಾಗಾಗಿ ವಾಲ್ಯೂಮ್ ಏರಿಸಿದಂತೆ ಬೇಸ್ ಮುಂದೆ ಮುಂದೆ ನುಗ್ಗುತ್ತದೆ, ಇಳಿಸಿದರೆ ಮೊದಲು ಮಾಯವಾಗುವುದೂ ಅದೇ. ಹಳೆಯ ಟೇಪ್‌ರೆಕಾರ್ಡರುಗಳಲ್ಲಿ ಲೌಡ್‌ನೆಸ್ ಎಂಬ ಗುಂಡಿ ಇರುತ್ತಿದ್ದುದು ರಾತ್ರಿ ಸಣ್ಣ ದನಿಯಲ್ಲಿ ಕೇಳುವಾಗ ಈ ಕೊರತೆ ತುಂಬಲಿಕ್ಕೆ. ಅದನ್ನು ಹಗಲೂ ರಾತ್ರಿ ಒತ್ತಿಯೇ ಇಟ್ಟವರು ಬೇಕಿಲ್ಲದ ಬೇಸ್ ಕೇಳಿದರು. ಅಂಗಡಿಯಲ್ಲಿ ಎರಡು ಸ್ಪೀಕರ್ ಹೋಲಿಸುವಾಗಲೂ ಇದು ನೆನಪಿರಬೇಕು. ತುಸು ಜೋರಾಗಿ ಬಾರಿಸಿದ್ದೇ ಯಾವಾಗಲೂ ಚೆಂದ ಕೇಳಿಸುತ್ತದೆ. ಎರಡನ್ನೂ ಒಂದೇ ಮಟ್ಟಕ್ಕೆ ತಂದು, ತನಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡು ಹಾಕಿಸಿ ಕೇಳದೆ ದುಡ್ಡು ಕೊಡಬಾರದು.

ಇನ್ನು ವಾಟ್. ಹಾರ್ವರ್ಡ್‌ನ ಎಸ್. ಎಸ್. ಸ್ಟೀವನ್ಸ್ ಜನರಿಗೆ ಸದ್ದು ಕೇಳಿಸಿ, ಎಷ್ಟಾದಾಗ ಎರಡರಷ್ಟು ಅನಿಸುತ್ತದೆ ಎಂದು ಅಳೆದಾಗ ಸಿಕ್ಕ ಸಾಮಾನ್ಯ ನಿಯಮವಿದು: ಸದ್ದು ಎರಡರಷ್ಟು ಜೋರು ಅನಿಸಲು ಸುಮಾರು 10 ಡೆಸಿಬೆಲ್ ಏರಬೇಕು. 10 ಡೆಸಿಬೆಲ್ ಏರಿಸಲು ಬೇಕಾಗುವ ವಿದ್ಯುತ್ ಹತ್ತು ಪಟ್ಟು. 100 ವಾಟಿನ ಆಂಪ್ಲಿಫೈಯರ್ ಬದಲಿಗೆ 200 ವಾಟಿನದು ತಂದರೆ ಸಿಗುವುದು 3 ಡೆಸಿಬೆಲ್ ಮಾತ್ರ, ಗಮನವಿಟ್ಟು ಕೇಳಿದರೆ ತಿಳಿಯುವಷ್ಟು. ನಿಜಕ್ಕೂ ಎರಡರಷ್ಟು ಜೋರು ಬೇಕಿದ್ದರೆ 1,000 ವಾಟ್ ಬೇಕು. ಅಷ್ಟು ಖರ್ಚು ಮಾಡುವ ಮೊದಲು ಸ್ಪೀಕರನ್ನು ಜನರ ಹತ್ತಿರಕ್ಕೆ ತರುವುದು ಬುದ್ಧಿವಂತಿಕೆ. ಬಯಲಿನಲ್ಲಿ ದೂರ ಎರಡರಷ್ಟಾದಂತೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ವೇದಿಕೆಯ ಹತ್ತಿರ, 4 ಮೀಟರಿನಲ್ಲಿ 98 ಡೆಸಿಬೆಲ್ ಇದ್ದರೆ 32 ಮೀಟರಿನಲ್ಲಿ 80. ಹಿಂದಿನ ಸಾಲಿನ ಪಕ್ಕ ಇನ್ನೊಂದು ಸಣ್ಣ ಹಾರ್ನ್ ಕಟ್ಟಿದರೆ ಮುಂದಿನವರ ಕಿವಿ ಸುಡದೆ ಹಿಂದಿನವರಿಗೆ ಮಾತು ತಿಳಿಯುತ್ತದೆ. ಹಳೆಯ ಮೈಕ್ ಸೆಟ್‌ನವರಿಗೆ ಇದು ಗೊತ್ತಿತ್ತು. ಬೀದಿಯುದ್ದಕ್ಕೂ ಕಂಬಕ್ಕೊಂದು ಹಾರ್ನ್ ಕಟ್ಟಿ, ಒಂದೊಂದನ್ನೂ ಸಣ್ಣಗೆ ಬಾರಿಸುತ್ತಿದ್ದರು. ಈಗ ವೇದಿಕೆಯ ಎರಡು ಬದಿ ಗೋಡೆಯೆತ್ತರ ಸ್ಪೀಕರ್ ಪೇರಿಸುವ ಚಟ ಆ ಜಾಣತನವನ್ನು ಮರೆಸಿದೆ.

ಒಡಕಿನ ಮಾತಿಗೆ ಬರುವ ಮೊದಲು ತಂಬೂರಿಯ ಹತ್ತಿರ ಕೂರಬೇಕು. ಮೀರಜ್‌ನಲ್ಲಿ ಮಾಡಿದ ಒಳ್ಳೆಯ ತಂಬೂರಿಯನ್ನು ಪಂಚಮ, ಷಡ್ಜ, ಷಡ್ಜ, ಮಂದ್ರ ಷಡ್ಜಕ್ಕೆ ಶ್ರುತಿ ಮಾಡಿ ಮೀಟಿದರೆ ಸ್ವಲ್ಪ ಹೊತ್ತಿಗೆ ಗಾಂಧಾರ ಕೇಳಿಸತೊಡಗುತ್ತದೆ. ಗಾಂಧಾರಕ್ಕೆ ಕೂಡಿಸಿದ ತಂತಿ ಅಲ್ಲಿಲ್ಲ. ಅದು ಬರುವುದು ತಂತಿಯ ಉಪಸ್ವರದಿಂದ. ಷಡ್ಜ 240 ಹರ್ಟ್ಜ್ ಎಂದಿಟ್ಟುಕೊಂಡರೆ ಅದರ ಜೊತೆಗೇ 480, 720, 960, 1,200 ಹೀಗೆ ಪಟ್ಟುಪಟ್ಟಾಗಿ ಸ್ವರಗಳು ಹುಟ್ಟುತ್ತವೆ. ಎರಡನೆಯದು ತಾರ ಷಡ್ಜ, ಮೂರನೆಯದು ಅದರ ಪಂಚಮ, ನಾಲ್ಕನೆಯದು ಮತ್ತೆ ಷಡ್ಜ, ಐದನೆಯದು ಗಾಂಧಾರ. ತಬಲಾ, ಮೃದಂಗಗಳ ಕರಣೆ ಕೂಡ ಇದೇ ಕೆಲಸ ಮಾಡುತ್ತದೆ. ಬರೀ ಚರ್ಮದ ಉಪಸ್ವರಗಳು ಅಡ್ಡಾದಿಡ್ಡಿ ಬರುತ್ತವೆ, ನಡುವೆ ಮೆತ್ತಿದ ಕಪ್ಪು ಲೇಪ ಅವುಗಳನ್ನು ಪೂರ್ಣ ಪಟ್ಟುಗಳಿಗೆ ತರುತ್ತದೆ. ಸಿ. ವಿ. ರಾಮನ್ ಮತ್ತು ಶಿವಕಾಲಿ ಕುಮಾರ್ 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನೇ ಬರೆದರು. ಅಂದರೆ ಉಪಸ್ವರ ಕೆಟ್ಟದ್ದಲ್ಲ, ವಾದ್ಯಕ್ಕೆ ಬಣ್ಣ ಬರುವುದೇ ಅದರಿಂದ. ವಾದ್ಯದಲ್ಲಿ ಇಲ್ಲದ ಉಪಸ್ವರವನ್ನು ಯಂತ್ರ ತಾನಾಗಿ ಸೇರಿಸಿದಾಗ ಅದಕ್ಕೆ ಹಾರ್ಮೋನಿಕ್ ಡಿಸ್ಟಾರ್ಷನ್ ಎನ್ನುತ್ತಾರೆ.

ಯಂತ್ರ ಯಾವ ಉಪಸ್ವರ ಸೇರಿಸುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಎರಡನೆಯದನ್ನು ಸೇರಿಸಿದರೆ ಷಡ್ಜಕ್ಕೆ ಷಡ್ಜವೇ ಸೇರಿದಂತಾಯಿತು, ಕಿವಿ ದೂರು ಹೇಳುವುದಿಲ್ಲ. ಹಳೆಯ ವಾಲ್ವ್ ರೇಡಿಯೊಗಳ ಧ್ವನಿ ಬೆಚ್ಚಗಿತ್ತು ಎಂದು ಹಿರಿಯರು ಇಂದಿಗೂ ಹೇಳುವುದಕ್ಕೆ ಈ ಎರಡನೆಯ ಉಪಸ್ವರ ಒಂದು ಕಾರಣ. ಏಳನೆಯದು ಹಾಗಲ್ಲ. 240ರ ಏಳು ಪಟ್ಟು 1,680. ಅದು ಹಾರ್ಮೋನಿಯಂನ ಯಾವ ಮನೆಯಲ್ಲೂ ಸಿಗುವುದಿಲ್ಲ, ಕೋಮಲ ನಿಷಾದಕ್ಕಿಂತ ಕೆಳಗೆ ಅಪಶ್ರುತಿಯಲ್ಲಿ ನಿಲ್ಲುತ್ತದೆ. ಒಂಬತ್ತು, ಹನ್ನೊಂದು ಎಂದು ಮೇಲೇರಿದಷ್ಟೂ ಉಪಸ್ವರಗಳು ಒತ್ತೊತ್ತಾಗಿ ಕೂತು ಕೀರಲು ಹುಟ್ಟಿಸುತ್ತವೆ.

ಕಿವಿಯ ಇನ್ನೊಂದು ಗುಣ ಇದಕ್ಕೆ ಸೇರಿಕೊಳ್ಳುತ್ತದೆ. ಜೋರಾದ ಸ್ವರವೊಂದು ತನ್ನ ಹತ್ತಿರದ ಸಣ್ಣ ಸ್ವರಗಳನ್ನು ಮುಚ್ಚಿಬಿಡುತ್ತದೆ, ಅದರಲ್ಲೂ ತನಗಿಂತ ಮೇಲಿನವನ್ನು. ಎರಡನೆಯ, ಮೂರನೆಯ ಉಪಸ್ವರಗಳು ಮೂಲ ಸ್ವರದ ಪಕ್ಕದಲ್ಲೇ ಇರುವುದರಿಂದ ಹೀಗೆ ಮುಚ್ಚಿಹೋಗುತ್ತವೆ. ಏಳು, ಒಂಬತ್ತನೆಯವು ದೂರದಲ್ಲಿರುವುದರಿಂದ ಬಯಲಿಗೆ ಬೀಳುತ್ತವೆ. ಮೂಲ ಸ್ವರ 240 ಇದ್ದಾಗ ಅವು ಬೀಳುವುದೂ ಕಿವಿ ಚುರುಕಾಗುತ್ತ ಹೋಗುವ ಪಟ್ಟಿಯಲ್ಲೇ.

ಡಬ್ಬಿಯ ಮೇಲಿನ ಟಿಎಚ್‌ಡಿ (ಟೋಟಲ್ ಹಾರ್ಮೋನಿಕ್ ಡಿಸ್ಟಾರ್ಷನ್) ಎಂಬ ಅಂಕಿ ಈ ಉಪಸ್ವರಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಸಂಖ್ಯೆ ಕೊಡುತ್ತದೆ. ಯಾವ ಉಪಸ್ವರ ಎಷ್ಟು ಎಂದು ಅದು ಹೇಳುವುದಿಲ್ಲ. 1% ಎರಡನೆಯ ಉಪಸ್ವರವಿರುವ ಯಂತ್ರ ಸಂಗೀತದಲ್ಲಿ ಇಂಪಾಗಿಯೇ ಕೇಳಿಸಬಹುದು, ಅದಕ್ಕಿಂತ ಎಷ್ಟೋ ಕಡಿಮೆ ಅಂಕಿಯ, ಆದರೆ ಮೇಲಿನ ಉಪಸ್ವರಗಳೇ ತುಂಬಿದ ಯಂತ್ರ ತಲೆನೋವು ತರಬಹುದು. ಬಿಬಿಸಿಯ ಎಂಜಿನಿಯರ್ ಡಿ. ಇ. ಎಲ್. ಶಾರ್ಟರ್ 1950ರಲ್ಲೇ ಮೇಲಿನ ಉಪಸ್ವರಗಳಿಗೆ ಹೆಚ್ಚು ತೂಕ ಕೊಟ್ಟು ಲೆಕ್ಕ ಹಾಕಬೇಕೆಂದು ಸೂಚಿಸಿದ್ದರು. 2003ರಲ್ಲಿ ಅರ್ಲ್ ಗೆಡ್ಡೆಸ್ ಮತ್ತು ಲಿಡಿಯಾ ಲೀ ಕೇಳುಗರನ್ನು ಕೂರಿಸಿ ಪರೀಕ್ಷಿಸಿದಾಗ ಟಿಎಚ್‌ಡಿ ಅಂಕಿಗೂ ಜನರಿಗೆ ಅನಿಸಿದ್ದಕ್ಕೂ ತಾಳೆಯೇ ಆಗಲಿಲ್ಲ. ಇಷ್ಟಾದರೂ ಮಾರುಕಟ್ಟೆ ಆ ಒಂದೇ ಸಂಖ್ಯೆಯನ್ನು ಹಿಡಿದು ಕೂತಿದೆ. ಇದು ಬದಲಾಗಬೇಕಾದ ಸಂಗತಿ.

ಕೊಳ್ಳುವವರು ಅಂಕಿಯ ಪಕ್ಕದ ಸಣ್ಣ ಅಕ್ಷರ ಓದಬೇಕು. ಎಷ್ಟೋ ಹೋಂ ಥಿಯೇಟರ್‌ಗಳ ವಾಟನ್ನು 10% ಡಿಸ್ಟಾರ್ಷನ್‌ನಲ್ಲಿ ಅಳೆದಿರುತ್ತಾರೆ. ಆ ಮಟ್ಟದಲ್ಲಿ ಒಡಕು ಯಾರಿಗಾದರೂ ಕೇಳಿಸುತ್ತದೆ, ಅಂದರೆ ಬಳಸಲಾಗದ ಜೋರಿಗೆ ಕೊಟ್ಟ ಅಂಕಿ ಅದು. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಸಾವಿರಗಟ್ಟಲೆ ವಾಟ್ ಬರೆದಿದ್ದರೆ ಅದನ್ನು ಲೆಕ್ಕಕ್ಕೇ ಹಿಡಿಯಬಾರದು. ಆರ್‌ಎಂಎಸ್ ವಾಟ್ (ಸತತವಾಗಿ ಕೊಡಬಲ್ಲ ಶಕ್ತಿ) ಎಷ್ಟು, ಅದು ಎಷ್ಟು ಡಿಸ್ಟಾರ್ಷನ್‌ಗೆ, ಸ್ಪೀಕರ್ ಒಂದು ವಾಟಿಗೆ ಎಷ್ಟು ಡೆಸಿಬೆಲ್ ಕೊಡುತ್ತದೆ ಎಂಬ ಮೂರು ಪ್ರಶ್ನೆ ಕೇಳಿದರೆ ಸಾಕು. ಆಂಪ್ಲಿಫೈಯರ್‌ನ 0.1% ಮತ್ತು 0.01%ರ ನಡುವೆ ಆರಿಸಲು ಒದ್ದಾಡುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಜೋರಾಗಿ ಬೇಸ್ ಬಾರಿಸುವ ಸ್ಪೀಕರ್ ತಾನೇ ಹಲವು ಶೇಕಡಾ ಡಿಸ್ಟಾರ್ಷನ್ ಸೇರಿಸುತ್ತಿರುತ್ತದೆ. ಹೆಚ್ಚು ದುಡ್ಡು ಹೋಗಬೇಕಾದದ್ದು ಸ್ಪೀಕರಿಗೆ.

ಭಜನೆಯವರಿಗೆ ಇನ್ನೊಂದು ಕಷ್ಟವಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಒಡಕಿರುವ ಸೆಟ್‌ನಲ್ಲಿ ಕೊಳಲೊಂದೇ ನುಡಿದರೆ ಸಹಿಸಬಹುದು. ಹಾರ್ಮೋನಿಯಂ, ತಬಲಾ, ತಾಳ, ಹತ್ತು ಜನರ ದನಿ ಎಲ್ಲ ಒಂದೇ ಹಾರ್ನ್‌ಗೆ ಹೋದಾಗ ಗದ್ದಲವಾಗುತ್ತದೆ. ಕಾರಣ, ಒಡಕು ಯಂತ್ರ ಒಂದೊಂದು ಸ್ವರಕ್ಕೆ ಉಪಸ್ವರ ಸೇರಿಸಿ ಸುಮ್ಮನಾಗುವುದಿಲ್ಲ. ಎರಡು ಸ್ವರ ಬಂದರೆ ಅವುಗಳ ಮತ್ತು ಅವುಗಳ ಉಪಸ್ವರಗಳ ಮೊತ್ತ, ವ್ಯತ್ಯಾಸಗಳನ್ನೂ ಹುಟ್ಟಿಸುತ್ತದೆ. ಷಡ್ಜ 240, ರಿಷಭ 270 ಒಟ್ಟಿಗೆ ನುಡಿದರೆ 30, 510, 210, 300 ಎಂದು ಯಾರೂ ನುಡಿಸದ ಸ್ವರಗಳು ಏಳುತ್ತವೆ. ಹತ್ತು ದನಿಗೆ ಹೀಗೆ ಎಷ್ಟು ಜೋಡಿಯಾಗುತ್ತವೆ ಎಂದು ಓದುಗರೇ ಲೆಕ್ಕ ಹಾಕಬಹುದು. ಅದಕ್ಕೇ ಭಜನೆಗೆ ಒಂದು ಒಳ್ಳೆಯ ಮೈಕನ್ನು ಹಾಡುವವರ ಮುಂದೆ ಇಡುವುದು, ತಾಳ ಹಿಡಿದವರನ್ನು ಮೈಕಿನಿಂದ ದೂರ ಕೂರಿಸುವುದು ಅರ್ಧ ಸಮಸ್ಯೆ ಬಗೆಹರಿಸುತ್ತದೆ. ತಾಳಕ್ಕೆ ಮೈಕ್ ಬೇಕಿಲ್ಲ, ಅದರ ಸದ್ದು ತಾನಾಗಿ ಕಿವಿ ಚುರುಕಾಗಿರುವ ಜಾಗಕ್ಕೇ ಬೀಳುತ್ತದೆ.

ಈಗ ಮದುವೆ ಮಂಟಪದ ಆ ಗುಂಡಿ. ಆಂಪ್ಲಿಫೈಯರ್ ಕೊಡಬಲ್ಲ ವೋಲ್ಟೇಜಿಗೆ ಒಂದು ಮಿತಿಯಿದೆ. ಅದನ್ನು ಮೀರಿ ಒತ್ತಿದರೆ ಅಲೆಯ ತಲೆ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಮೂರು, ಐದು, ಏಳು, ಒಂಬತ್ತನೆಯ ಉಪಸ್ವರಗಳು ಒಟ್ಟಿಗೆ ಎದ್ದುಬರುತ್ತವೆ. "ಆವಾಜ್ ಒಡೀಲಿಕತ್ತದ" ಎಂದು ಜನ ಹೇಳುವುದು ಈ ಸ್ಥಿತಿಗೆ. ಈ ಉಪಸ್ವರಗಳು ಬೀಳುವ ಜಾಗದಲ್ಲೇ ಸ, ಶ, ಚ, ತ ಮುಂತಾದ ವ್ಯಂಜನಗಳ ಗುರುತು ಇರುತ್ತದೆ. ಸ್ವರಾಕ್ಷರ ಜೋರು ಕೊಡುತ್ತದೆ, ಅರ್ಥ ಕೊಡುವುದು ವ್ಯಂಜನ. ಅದು ಮುಚ್ಚಿಹೋದರೆ ಕನ್ನಡವೋ ಮರಾಠಿಯೋ ಎಂಬುದೂ ಗೊತ್ತಾಗದು. ಚಪ್ಪಟೆಯಾದ ಅಲೆ ನಮೂದಿಸಿದ ವಾಟಿಗಿಂತ ಹೆಚ್ಚು ಶಕ್ತಿಯನ್ನೂ ಸುರಿಯುತ್ತದೆ. ಜಾತ್ರೆಯ ರಾತ್ರಿ ಟ್ವೀಟರ್, ಹಾರ್ನ್ ಯೂನಿಟ್‌ಗಳ ಕಾಯಿಲ್ ಸುಡುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ಪರಿಹಾರ ಕಾರ್ಯಕ್ರಮಕ್ಕೆ ಮೊದಲೇ ಆಗಬೇಕು. "ಹಲೋ, ಮೈಕ್ ಟೆಸ್ಟಿಂಗ್" ಎಂದು ಮೆಲ್ಲಗೆ ಹೇಳಿ ಗುಂಡಿ ಕೂರಿಸಿದರೆ ಉಪಯೋಗವಿಲ್ಲ. ಹಾಡುವವರನ್ನೇ ಕರೆದು, ಅವರು ಏರಿಸಿ ಹಾಡುವ ಸಾಲನ್ನೇ ಹಾಡಿಸಬೇಕು. ಮಿಕ್ಸರಿನ ಗೇನ್ ಗುಂಡಿಯನ್ನು ಕೆಂಪು ದೀಪ ಮಿನುಗುವವರೆಗೆ ಏರಿಸಿ, ದೀಪ ಪೂರ್ತಿ ಆರುವವರೆಗೆ ಹಿಂದೆ ತಂದು ಅಲ್ಲೇ ಬಿಡಬೇಕು. ಮುಂದೆ ಜೋರು ಬೇಕಾದರೆ ಗೇನ್ ಮುಟ್ಟದೆ ಮಾಸ್ಟರ್ ಗುಂಡಿಯಿಂದಷ್ಟೇ ಏರಿಸಬೇಕು, ಆಂಪ್ಲಿಫೈಯರ್‌ನ ಕೆಂಪು ದೀಪ ಹತ್ತಿದರೆ ಅಲ್ಲಿಗೆ ಮುಗಿಯಿತು. ಬೇಸ್ ಗುಂಡಿ ಏರಿಸುವುದೂ ವಾಟ್ ತಿನ್ನುತ್ತದೆ: 10 ಡೆಸಿಬೆಲ್ ಬೇಸ್ ಎಂದರೆ ಆ ಪಟ್ಟಿಗೆ ಹತ್ತು ಪಟ್ಟು ಶಕ್ತಿ. ಬರೀ ಮಾತಿನ ಸಭೆಯಲ್ಲಿ ಬೇಸನ್ನು ಇಳಿಸಿಬಿಟ್ಟರೆ ಮಾತು ತಿಳಿಯಾಗಿ ದೂರಕ್ಕೆ ಹೋಗುತ್ತದೆ.

ಒಡಕು ಹೋಯಿತೆಂದು ನಿಶ್ಚಿಂತರಾಗುವ ಹಾಗೂ ಇಲ್ಲ. ಜನ ಒಡಕನ್ನೇ ಜೋರೆಂದು ತಿಳಿಯುತ್ತಾರೆ. ಸಣ್ಣ ರೇಡಿಯೊವನ್ನು ಪೂರ್ತಿ ಏರಿಸಿದಾಗ ಅದು ಕಿರುಚುವುದರಿಂದ ಕೈ ತಾನಾಗಿ ಇಳಿಸಲು ಹೋಗುತ್ತದೆ. ಒಳ್ಳೆಯ ಸೆಟ್ 100 ಡೆಸಿಬೆಲ್‌ನಲ್ಲೂ ಕಿರುಚುವುದಿಲ್ಲ, ಹಾಗಾಗಿ ಕೈ ಇಳಿಸುವುದಿಲ್ಲ. ಅಪಾಯ ಅಲ್ಲೇ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಕೊಡುವ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ, ಮುಂದೆ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧ. 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದೇ ನಿಮಿಷ. ಮೆರವಣಿಗೆಯ ಡಿಜೆ ಮುಂದೆ ಕುಣಿಯುವ ಹುಡುಗರು ಈ ಮಿತಿಯನ್ನು ಮೊದಲ ಹಾಡಿನಲ್ಲೇ ದಾಟುತ್ತಾರೆ.

ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು 2000ದಲ್ಲಿ ಬಂದವು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಹಬ್ಬಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. ಸುಪ್ರೀಂ ಕೋರ್ಟ್ 2005ರ ಜುಲೈ ತೀರ್ಪಿನಲ್ಲಿ ಇದಕ್ಕೆ ಬಲ ತುಂಬಿತು. ಆದರೆ ಅಳತೆಯಲ್ಲಿ ಒಂದು ಕಿಂಡಿ ಉಳಿದಿದೆ. ನಿಯಮ ಹೇಳುವುದು 'ಎ' ತೂಕದ ಡೆಸಿಬೆಲ್, ಕಿವಿಯ ಮಂದತನವನ್ನು ಅನುಕರಿಸಿ ಬೇಸನ್ನು ಕಳೆಯುವ ಲೆಕ್ಕ. 50 ಹರ್ಟ್ಜ್‌ನಲ್ಲಿ ಅದು 30 ಡೆಸಿಬೆಲ್ ಕಡಿತ ಮಾಡುತ್ತದೆ. ಸಣ್ಣ ಸದ್ದಿಗೆ ಈ ಲೆಕ್ಕ ಸರಿ, ಆದರೆ ಜೋರು ಹೆಚ್ಚಿದಂತೆ ಕಿವಿಯ ಮಂದತನ ಕಡಿಮೆಯಾಗುತ್ತದೆಂದು ಮೇಲೆಯೇ ನೋಡಿದ್ದೇವೆ. ಕಿಟಕಿಯ ಗಾಜು ನಡುಗಿಸುವ ಡಿಜೆ ಮೀಟರಿನಲ್ಲಿ ನಿಜಕ್ಕಿಂತ ಸೌಮ್ಯವಾಗಿ ಕಾಣುವುದು ಹೀಗೆ. ಹಸುಗೂಸು, ಹೃದ್ರೋಗಿಗಳಿರುವ ಮನೆಯವರ ದೂರನ್ನು ಮೀಟರಿನ ಅಂಕಿ ತೋರಿಸಿ ತಳ್ಳಿಹಾಕುವುದು ನ್ಯಾಯವಲ್ಲ.

ಕಿವಿ ತಾನೂ ಡಿಸ್ಟಾರ್ಷನ್ ಹುಟ್ಟಿಸುತ್ತದೆ, ಮತ್ತು ಅದೇ ಅದರ ಆರೋಗ್ಯದ ಗುರುತು. ಒಳಗಿವಿಯ ಹೊರಸಾಲಿನ ರೋಮಕೋಶಗಳು ಸದ್ದಿಗೆ ತಾವೇ ಮಿಡಿದು ಅದನ್ನು ಹಿಗ್ಗಿಸುತ್ತವೆ. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಕಿವಿಯಿಂದ ಹೊರಬರುವ ಸದ್ದನ್ನು ಮೈಕಿನಲ್ಲಿ ಹಿಡಿದರು. ಈಗ ನವಜಾತ ಶಿಶುಗಳ ಶ್ರವಣ ಪರೀಕ್ಷೆಗೆ ಅದೂ ಒಂದು ಆಧಾರ. ಒಂದು ಬಗೆಯ ಪರೀಕ್ಷೆಯಲ್ಲಿ 2,000 ಮತ್ತು 2,400 ಹರ್ಟ್ಜ್‌ನ ಎರಡು ಸ್ವರ ಒಳಗೆ ಬಿಟ್ಟರೆ, ಗಟ್ಟಿ ಕಿವಿ 1,600 ಹರ್ಟ್ಜ್‌ನ ಮೂರನೆಯ ಸ್ವರವನ್ನು ತಾನೇ ಮಾಡಿ ಹೊರಗೆ ಕಳಿಸುತ್ತದೆ. ಬರದಿದ್ದರೆ ವೈದ್ಯರು ಮುಂದಿನ ಪರೀಕ್ಷೆ ಮಾಡುತ್ತಾರೆ. ಒಂದೊಂದು ಕಿವಿಯಲ್ಲಿ ಒಳಸಾಲು, ಹೊರಸಾಲು ಸೇರಿ ರೋಮಕೋಶಗಳು ಒಟ್ಟು ಹದಿನೈದು ಸಾವಿರದಷ್ಟಿವೆ. ಸತ್ತವು ಮತ್ತೆ ಹುಟ್ಟುವುದಿಲ್ಲ.

ಆಪರೇಟರ್ ಹುಡುಗರಿಗೆ ಈ ಮಾತು ಮುಖ್ಯ, ಏಕೆಂದರೆ ಸೀಜನ್‌ನಲ್ಲಿ ಅವರು ರಾತ್ರಿಯಿಡೀ ಸ್ಪೀಕರಿನ ಬುಡದಲ್ಲೇ ನಿಲ್ಲುತ್ತಾರೆ. ಜಾತ್ರೆ ಮುಗಿದ ಮರುದಿನ ಕಿವಿಯಲ್ಲಿ ಗುಂಯ್‌ಗುಡುವುದು, ಎದುರಿನವರ ಮಾತು ಹತ್ತಿಯೊಳಗಿಂದ ಬಂದಂತೆ ಕೇಳುವುದು ರೋಮಕೋಶಗಳಿಗೆ ಪೆಟ್ಟಾದದ್ದರ ಸೂಚನೆ. ಹತ್ತಿ ತುರುಕಿಕೊಂಡರೆ ಪ್ರಯೋಜನ ಕಡಿಮೆ. ಔಷಧದಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ಗನ್ನು ಬೆರಳಲ್ಲಿ ಹೊಸೆದು ತೆಳುವಾಗಿಸಿ, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಹಿಡಿಯಬೇಕು. ಸರಿಯಾಗಿ ಕೂತರೆ 20 ಡೆಸಿಬೆಲ್‌ಗೂ ಹೆಚ್ಚು ಇಳಿಯುತ್ತದೆ. ಗುಂಯ್ ಸದ್ದು ಒಂದೆರಡು ದಿನಕ್ಕೆ ನಿಲ್ಲದಿದ್ದರೆ, ಅಥವಾ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ, ತಡಮಾಡದೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕಂಡು ಆಡಿಯೋಗ್ರಾಂ ಮಾಡಿಸಬೇಕು. ಸದ್ದಿನಿಂದಾದ ಹಾನಿ ಅದರಲ್ಲಿ ಸಾಮಾನ್ಯವಾಗಿ 4,000 ಹರ್ಟ್ಜ್ ಸುಮಾರಿಗೆ ಒಂದು ಕುಳಿಯಾಗಿ ಕಾಣಿಸಿಕೊಳ್ಳುತ್ತದೆ. ಈ ಕಡೆಯವರಿಗೆ ಲಾತೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಹತ್ತಿರ. ಹೆಚ್ಚಿನ ಪರೀಕ್ಷೆಗೆ ಸಿಕಂದರಾಬಾದಿನಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್-ಶ್ರವಣ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.